ಮುದಿ ನಾಯಿಗೆ ದೊಣ್ಣೆ ಬೇಡ, ಗೋಣಿಚೀಲ ಸಾಕು

ಹತ್ತು ವರ್ಷ ಮನೆ ಕಾದ ನಾಯಿ ಈಗ ರಾತ್ರಿ ಮಂಚ ಹತ್ತುತ್ತೆ ಅಂತ ದೊಣ್ಣೆ ಎತ್ತುವವರಿದ್ದಾರೆ. ಸ್ವಾಮಿ, ಅದು ಸೊಕ್ಕಲ್ಲ. ವಯಸ್ಸಾದ ಕೀಲಿಗೆ ತಣ್ಣನೆ ನೆಲ ನೋವು ಕೊಡುತ್ತೆ. ಮರಿಯಾಗಿದ್ದಾಗ ಪಕ್ಕದಲ್ಲಿ ಮಲಗಿಸಿಕೊಂಡವರು ಯಾರು? ನೀವೇ ತಾನೆ! ಕಲಿಸಿದವರೇ ಚಾಳಿ ಬಿಡಿಸಬೇಕು.

ಮಂಚದ ಪಕ್ಕ ನಾಲ್ಕು ಮಡಿಕೆ ಗೋಣಿ, ಮೇಲೊಂದು ಹಳೇ ಕಂಬಳಿ ಹಾಸಿ. ಅಲ್ಲಿ ಮಲಗಿದರೆ ಒಂದು ಚೂರು ರೊಟ್ಟಿ ಕೊಡಿ. ಮಂಚ ಹತ್ತಿದರೆ ಪ್ರತಿ ಸಲವೂ ಬೈಯದೆ ಇಳಿಸಿ. ಅಪ್ಪ ಇಳಿಸಿ, ಮಗ ಹತ್ತಿಸಿಕೊಂಡರೆ ಕೆಲಸ ಕೆಟ್ಟಂತೆ. ಆಮೇಲೆ ಗೋಣಿಯನ್ನು ದಿನಕ್ಕಿಷ್ಟು ದೂರ ಸರಿಸಿ. ವಾರಗಟ್ಟಲೆ ಹಿಡಿದೀತು, ತಾಳ್ಮೆ ಇರಲಿ. ರಾತ್ರಿಯಿಡೀ ನರಳಿದರೆ, ಸುತ್ತಾಡಿದರೆ ಪಶುವೈದ್ಯರಿಗೆ ತೋರಿಸಿ.

ಕಾಟ ಅಂತ ಅನ್ನ ನೀರಿಲ್ಲದ ಕಡೆ ಬಿಟ್ಟು ಬರುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಡಿ ಅಪರಾಧ. ಕಾಯ್ದೆ ಇರಲಿ, ಉಂಡ ಮನೆ ಕಾದ ಜೀವಕ್ಕೆ ಅಷ್ಟೂ ಮಾಡದಿದ್ದರೆ ಹೇಗೆ?