ಬೈಕುಲ್ಲಾದ ಗಿರಣಿ, ಕೊಡಗಿನ ಮೆಣಸು, ಸುಂಕದ ರಾಜಕಾರಣ

ಮುಂಬಯಿಯ ಬೈಕುಲ್ಲಾದ ರಾಣಿಬಾಗಿಗೆ ಹೋದವರು ಭಾವು ದಾಜಿ ಲಾಡ್ ವಸ್ತುಸಂಗ್ರಹಾಲಯದ ಹತ್ತಿರ ಒಂದು ಗಡಿಯಾರ ಗೋಪುರವನ್ನು ನೋಡಿರುತ್ತಾರೆ. ಅದು ಡೇವಿಡ್ ಸಸೂನ್ ಹೆಸರಿನದು. ಅವರು ವಾಸವಿದ್ದ ‘ಸಾನ್ ಸೂಸಿ’ ಬಂಗಲೆ ಇಂದಿನ ಮಸೀನಾ ಆಸ್ಪತ್ರೆ. ಅವರು ಕಟ್ಟಿಸಿದ ಮಾಗೆನ್ ಡೇವಿಡ್ ಪ್ರಾರ್ಥನಾ ಮಂದಿರವೂ ಇದೇ ಬಡಾವಣೆಯಲ್ಲಿದೆ. 1830ರ ದಶಕದಲ್ಲಿ ಬಾಗ್ದಾದಿನ ಕಡೆಯಿಂದ ವಲಸೆ ಬಂದ ಈ ಯಹೂದಿ ವ್ಯಾಪಾರಿಯ ಮನೆತನ ಬೆಳೆದದ್ದು ಒಂದು ವ್ಯಾಪಾರ ಒಪ್ಪಂದದ ಬೆನ್ನೇರಿ.

1842ರ ನಾನ್‌ಕಿಂಗ್ ಒಪ್ಪಂದವನ್ನು ಬ್ರಿಟಿಷರು ಚೀನಾದ ಮೇಲೆ ಯುದ್ಧ ಮಾಡಿ ಹೇರಿದರು. ಶಾಂಘಾಯ್ ಸೇರಿ ಐದು ಬಂದರುಗಳು ತೆರೆದುಕೊಂಡವು; ಸುಂಕವನ್ನು ತಾನೇ ಗೊತ್ತುಪಡಿಸುವ ಅಧಿಕಾರ ಚೀನಾದ ಕೈತಪ್ಪಿತು. ಎರಡೇ ವರ್ಷದಲ್ಲಿ ಸಸೂನರ ಮಗ ಎಲಿಯಾಸ್ ಚೀನಾದಲ್ಲಿದ್ದ. ಮಾಳವದ ಅಫೀಮು, ಮುಂದೆ ಮುಂಬಯಿಯ ನೂಲು ಆ ದಾರಿಯಲ್ಲಿ ಸಾಗಿದವು. ಆ ಲಾಭದ ಒಂದು ಪಾಲು ಇಲ್ಲಿನ ಬಟ್ಟೆ ಗಿರಣಿಗಳಿಗೆ ಬಂಡವಾಳವಾಗಿ ಬಂತು. ಒಂದು ದೇಶಕ್ಕೆ ಅವಮಾನವಾಗಿದ್ದ ಒಪ್ಪಂದ ಇನ್ನೊಂದು ಊರಿಗೆ ಹೂಡಿಕೆ ತಂದುಕೊಟ್ಟಿತು.

ಕನ್ನಡ ನಾಡೂ ಈ ಕಥೆಯ ಹೊರಗಿರಲಿಲ್ಲ. ಧಾರವಾಡ ಸೀಮೆಯ ಹತ್ತಿ ಘಟ್ಟ ಇಳಿದು ಕುಮಟಾ ಬಂದರಿನಿಂದ ಮುಂಬಯಿ ಸೇರುತ್ತಿತ್ತು. ಕುಮಟೆಯಲ್ಲಿ ಹತ್ತಿ ಬೆಳೆಯದಿದ್ದರೂ ಮಾರುಕಟ್ಟೆಯಲ್ಲಿ ಅದಕ್ಕೆ ‘ಕುಮಟಾ ಹತ್ತಿ’ ಎಂದೇ ಹೆಸರು. 1861ರಿಂದ 1865ರವರೆಗೆ ಅಮೆರಿಕದ ಅಂತರ್ಯುದ್ಧ ನಡೆದಾಗ ಲ್ಯಾಂಕಾಷೈರಿನ ಗಿರಣಿಗಳಿಗೆ ಅಲ್ಲಿನ ಹತ್ತಿ ನಿಂತು, ಇಲ್ಲಿನ ಬೆಲೆ ಗಗನಕ್ಕೇರಿತು. ಯುದ್ಧ ಮುಗಿದದ್ದೇ ಬೆಲೆ ಕುಸಿಯಿತು, ಮುಂಬಯಿಯ ಷೇರುಪೇಟೆ ಮುಗ್ಗರಿಸಿತು.

ಗಿರಣಿಗಳು ನೆಲೆಯೂರಿದ ಮೇಲೆ ಬಂದದ್ದು ನಿಜವಾದ ಪರೀಕ್ಷೆ. ಮ್ಯಾಂಚೆಸ್ಟರಿನ ಒತ್ತಾಯಕ್ಕೆ ಮಣಿದ ಸರ್ಕಾರ 1882ರಲ್ಲಿ ಉಪ್ಪು, ಮದ್ಯದಂಥ ಕೆಲವನ್ನು ಬಿಟ್ಟು ಉಳಿದೆಲ್ಲ ಆಮದು ಸುಂಕವನ್ನು ತೆಗೆದುಹಾಕಿತು. ಬೊಕ್ಕಸ ಬರಿದಾಗಿ 1894ರಲ್ಲಿ ಸುಂಕ ಮರಳಿ ಬಂದಾಗ, ಮುಂಬಯಿಯ ಗಿರಣಿಗಳಿಗೆ ಅದರಿಂದ ರಕ್ಷಣೆ ಸಿಕ್ಕೀತೆಂಬ ಭಯ ಲ್ಯಾಂಕಾಷೈರಿಗೆ. 1896ರಲ್ಲಿ ಹೊರಗಿನ ಬಟ್ಟೆಗೆ ಶೇ. 3.5 ಸುಂಕವಾದರೆ, ಇಲ್ಲಿನ ಗಿರಣಿ ಬಟ್ಟೆಗೂ ಅಷ್ಟೇ ಅಬಕಾರಿ ಸುಂಕ ಬಿತ್ತು. ತನ್ನ ದೇಶದಲ್ಲೇ ನೇಯ್ದು ಅಲ್ಲೇ ಮಾರುವ ಬಟ್ಟೆಗೆ ಪರದೇಶದ ನೇಕಾರಿಕೆಯ ಹಿತಕ್ಕಾಗಿ ತೆರಿಗೆ! ಅದು ತೊಲಗಲು 1925ರ ಡಿಸೆಂಬರ್‌ವರೆಗೆ ಕಾಯಬೇಕಾಯಿತು. ಆ ಹೊತ್ತಿಗೆ ಚೀನಾದ ನೂಲಿನ ಮಾರುಕಟ್ಟೆಯನ್ನು ಜಪಾನಿನ ಗಿರಣಿಗಳು ಕಸಿದುಕೊಂಡಿದ್ದವು. ಸಸೂನ್ ಕುಟುಂಬದ ವಿಕ್ಟರ್, ತನ್ನ ಬಂಡವಾಳದ ದೊಡ್ಡ ಭಾಗವನ್ನು ಮುಂಬಯಿಯಿಂದ ಶಾಂಘಾಯ್‌ಗೆ ಸಾಗಿಸಿದ. ಬಂಡವಾಳಕ್ಕೆ ಊರಿನ ಹಂಗಿಲ್ಲ.

ಈ ಹಳೆಯ ಲೆಕ್ಕವನ್ನು ಇಂದು ಕೆದಕಲು ಕಾರಣವಿದೆ. ಭಾರತ ಈಗ ಒಂದರ ಮೇಲೊಂದು ಮುಕ್ತ ವ್ಯಾಪಾರ ಒಪ್ಪಂದಗಳಿಗೆ ಸಹಿ ಹಾಕುತ್ತಿದೆ: 2022ರಲ್ಲಿ ಸಂಯುಕ್ತ ಅರಬ್ ಸಂಸ್ಥಾನ, ಆಸ್ಟ್ರೇಲಿಯಾ, 2025ರ ಜುಲೈ 24ರಂದು ಬ್ರಿಟನ್. ಅದೇ ಅಕ್ಟೋಬರಿನಲ್ಲಿ ಬ್ರಿಟನ್ನಿನ ಪ್ರಧಾನಿ ಮುಂಬಯಿಗೇ ಬಂದು ವ್ಯಾಪಾರದ ಮಾತಾಡಿದರು. ಈ ಒಪ್ಪಂದದಂತೆ ಭಾರತದ ಶೇ. 99ರಷ್ಟು ಸರಕುವರ್ಗಗಳಿಗೆ ಬ್ರಿಟನ್ನಿನಲ್ಲಿ ಸುಂಕವಿರುವುದಿಲ್ಲ. ಒಂದು ಕಾಲಕ್ಕೆ ಮುಂಬಯಿಯ ಬಟ್ಟೆಯನ್ನು ಹಣಿಯಲು ಸುಂಕವನ್ನೇ ಆಯುಧ ಮಾಡಿಕೊಂಡ ದೇಶ ಇಂದು ನಮ್ಮ ಉಡುಪಿಗೆ ಶೇ. 12ರವರೆಗಿದ್ದ ಸುಂಕವನ್ನು ಬಿಡುತ್ತಿದೆ. ಇದು ಸಣ್ಣ ಮಾತಲ್ಲ. ಬಾಂಗ್ಲಾದೇಶದ ಉಡುಪು ಅಲ್ಲಿಗೆ ಸುಂಕವಿಲ್ಲದೆ ಹೋಗುತ್ತಿದ್ದುದರಿಂದ ಬೆಂಗಳೂರಿನ ಗಾರ್ಮೆಂಟ್ಸ್ ಕಾರ್ಖಾನೆಗಳು ಹಿಂದೆ ಬೀಳುತ್ತಿದ್ದವು.

ಆದರೆ ಲಾಭ ಸಿದ್ಧರಾಗಿದ್ದವರಿಗೆ ಮಾತ್ರ. ಜಗತ್ತಿನ ಜವಳಿ ವ್ಯಾಪಾರವನ್ನು ಕಟ್ಟಿಹಾಕಿದ್ದ ಕೋಟಾ ಪದ್ಧತಿ 2005ರ ಜನವರಿ 1ರಂದು ಮುಗಿದಾಗ ತಿರುಪ್ಪೂರು, ಬೆಂಗಳೂರು ಮುಂದೆ ಬಂದವು. ಬೈಕುಲ್ಲಾ, ಪರೇಲದ ಗಿರಣಿಗಳಿಗೆ ಅಷ್ಟರಲ್ಲಾಗಲೇ ಬೀಗ ಬಿದ್ದಿತ್ತು. 1982ರ ಜನವರಿ 18ರಂದು ದತ್ತಾ ಸಾಮಂತರ ನಾಯಕತ್ವದಲ್ಲಿ ಶುರುವಾದ ಮುಷ್ಕರದಲ್ಲಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಬೀದಿಗೆ ಬಂದಿದ್ದರು; ಹಳೆಯ ಯಂತ್ರಗಳಿಗೆ ಹಣ ಹೂಡುವುದಕ್ಕಿಂತ ನೆಲ ಮಾರುವುದೇ ಮಾಲೀಕರಿಗೆ ಲಾಭವಾಗಿತ್ತು. ಬಾಗಿಲು ತೆರೆದಾಗ ಒಳಗೆ ಮಗ್ಗವೇ ಇರಲಿಲ್ಲ.

ಇನ್ನು ನಷ್ಟ ಯಾರ ಹೆಗಲಿಗೆ? ಕೊಡಗು, ಹಾಸನ, ಚಿಕ್ಕಮಗಳೂರಿನ ಕರಿಮೆಣಸು ಬೆಳೆಗಾರರನ್ನು ಕೇಳಬೇಕು. ಶ್ರೀಲಂಕಾದೊಂದಿಗಿನ ಒಪ್ಪಂದ 2000ದ ಮಾರ್ಚ್‌ನಿಂದ ಜಾರಿಯಲ್ಲಿದೆ. ವಿಯೆಟ್ನಾಮಿನ ಅಗ್ಗದ ಮೆಣಸು ಶ್ರೀಲಂಕಾದ ಹೆಸರಿನಲ್ಲಿ, ಸುಂಕದ ರಿಯಾಯಿತಿಯೊಂದಿಗೆ ಬರುತ್ತಿದೆ ಎಂದು ಬೆಳೆಗಾರರು ವರ್ಷಗಟ್ಟಲೆ ದೂರಿದರು. ಕೊನೆಗೆ 2017ರ ಡಿಸೆಂಬರಿನಲ್ಲಿ ಕೇಂದ್ರ ಕಿಲೋಗೆ 500 ರೂಪಾಯಿ ಕನಿಷ್ಠ ಆಮದು ಬೆಲೆ ನಿಗದಿ ಮಾಡಿತು. ಸರಕು ನಿಜಕ್ಕೂ ಯಾವ ದೇಶದ್ದೆಂದು ಆಮದುದಾರನೇ ರುಜುವಾತು ಇಟ್ಟುಕೊಳ್ಳಬೇಕೆಂಬ ಸುಂಕ ನಿಯಮ ಬಂದದ್ದು 2020ರ ಸೆಪ್ಟೆಂಬರಿನಲ್ಲಿ, ಅಂದರೆ ಒಪ್ಪಂದಕ್ಕೆ 20 ವರ್ಷ ತುಂಬಿದ ಮೇಲೆ.

ಹೂಡಿಕೆಯ ವಿಚಾರದಲ್ಲೂ ಒಪ್ಪಂದ ಎರಡು ದಿಕ್ಕಿಗೆ ಎಳೆಯುತ್ತದೆ. ಸುಂಕದ ಗೋಡೆ ಎತ್ತರವಿದ್ದಾಗ ಅದನ್ನು ತಪ್ಪಿಸಿಕೊಳ್ಳಲು ಕಂಪನಿಗಳು ಇಲ್ಲೇ ಕಾರ್ಖಾನೆ ಕಟ್ಟುತ್ತವೆ; ಗೋಡೆ ಇಳಿದರೆ ಹೊರಗೆ ತಯಾರಿಸಿ ತರುವುದು ಸಲೀಸು. ಥಾಯ್ಲೆಂಡಿನೊಂದಿಗೆ 2004ರ ಸೆಪ್ಟೆಂಬರಿನಲ್ಲಿ 82 ಸರಕುಗಳ ಸುಂಕ ಇಳಿಕೆ ಶುರುವಾದ ಕಾಲದಲ್ಲೇ ಸೋನಿ ಕಂಪನಿ ಭಾರತದಲ್ಲಿ ಟಿ.ವಿ. ತಯಾರಿಸುವುದನ್ನು ನಿಲ್ಲಿಸಿ ಅಲ್ಲಿಂದ ತರಿಸತೊಡಗಿತು.

ಸ್ವಿಟ್ಜರ್ಲೆಂಡ್, ನಾರ್ವೆ, ಐಸ್‌ಲೆಂಡ್, ಲಿಕ್ಟೆನ್‌ಸ್ಟೈನ್ ದೇಶಗಳೊಂದಿಗಿನ ಒಪ್ಪಂದ ಈ ಪಾಠ ಕಲಿತಂತೆ ಕಾಣುತ್ತದೆ. 2025ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ಅದರಲ್ಲಿ ಹತ್ತು ವರ್ಷದಲ್ಲಿ 50 ಶತಕೋಟಿ ಡಾಲರ್, ಮುಂದಿನ ಐದು ವರ್ಷದಲ್ಲಿ ಇನ್ನೂ 50 ಶತಕೋಟಿ ಡಾಲರ್ ಹೂಡಿಕೆ, ಹತ್ತು ಲಕ್ಷ ಉದ್ಯೋಗದ ಗುರಿಯನ್ನು ಬರೆದಿಟ್ಟಿದ್ದಾರೆ. ಹೂಡಿಕೆ ಬಾರದಿದ್ದರೆ, ಸಮಾಲೋಚನೆಯ ಹಂತಗಳು ಮುಗಿದ ಮೇಲೆ, ಭಾರತ ತನ್ನ ರಿಯಾಯಿತಿಯನ್ನು ಹಿಂಪಡೆಯಬಹುದು. ಸಸೂನರ ಕಾಲದಲ್ಲಿ ಬಂಡವಾಳವನ್ನು ಹೀಗೆ ಮಾತಿಗೆ ಕಟ್ಟಿಹಾಕುವ ಉಪಾಯ ಯಾರ ಕೈಯಲ್ಲೂ ಇರಲಿಲ್ಲ. ಇದು ಒಳ್ಳೆಯ ನಡೆ. ಉಳಿದ ಒಪ್ಪಂದಗಳಿಗೂ ಮಾದರಿಯಾಗಬೇಕಾದದ್ದು.

ಒಂದು ಕೊರತೆ ಮಾತ್ರ ಹಾಗೇ ಉಳಿದಿದೆ. ನಮ್ಮ ಸಂವಿಧಾನದಲ್ಲಿ ಕೃಷಿ ರಾಜ್ಯಗಳ ವಿಷಯ, ವಿದೇಶಿ ಒಪ್ಪಂದ ಕೇಂದ್ರದ್ದು. ಸಹಿಗೆ ಮೊದಲು ಸಂಸತ್ತಿನ ಒಪ್ಪಿಗೆ ಪಡೆಯಲೇಬೇಕೆಂಬ ನಿಯಮವೂ ಇಲ್ಲ. ಹಾಗಾಗಿ ಮೆಣಸಿನ ಸುಂಕದ ಮಾತುಕತೆಯಲ್ಲಿ ಕೊಡಗಿಗೆ ಕುರ್ಚಿಯಿಲ್ಲ. ಸಹಿ ಬೀಳುವ ಮೊದಲು ಕರಡನ್ನು ಸಂಬಂಧಪಟ್ಟ ರಾಜ್ಯಗಳ ಮುಂದಿಡಲಿ. ಜಾರಿಯಾದ ಮೇಲೆ ರಫ್ತು ಎಷ್ಟು ಹೆಚ್ಚಿತು, ಆಮದು ಎಷ್ಟು, ಬಂದ ಹೂಡಿಕೆ ಎಷ್ಟು, ಯಾವ ಜಿಲ್ಲೆಯ ಯಾವ ಬೆಳೆ ಪೆಟ್ಟು ತಿಂದಿತು ಎಂಬ ಲೆಕ್ಕವನ್ನು ಒಪ್ಪಂದವಾರು ಪ್ರತಿ ವರ್ಷ ಸಂಸತ್ತಿಗೆ ಒಪ್ಪಿಸಲಿ. ಕರ್ನಾಟಕದ ಸಂಸದರು ಪಕ್ಷಭೇದ ಮರೆತು ಇದನ್ನು ಕೇಳಬೇಕು.