ಒಡೆದ ಪರದೆಯೂ ಅಸಲಿ ಬಿಡಿಭಾಗವೂ

ಹಿಂದೆ ಮಕ್ಕಳ ಚೀಲದಲ್ಲಿ ಪಾಟಿ ಇರುತ್ತಿದ್ದಂತೆ ಈಗ ಅನೇಕ ಮನೆಗಳಲ್ಲಿ ಟ್ಯಾಬ್ಲೆಟ್ ಇದೆ. ಕೊರೊನಾ ಕಾಲದಲ್ಲಿ ಪಾಠಗಳು ಮನೆಯೊಳಗೆ ಬಂದಾಗ ಸಾಲ ಮಾಡಿ ಕೊಂಡವು ಕೆಲವು; 2021ರಲ್ಲಿ ರಾಜ್ಯ ಸರ್ಕಾರವು ಸರ್ಕಾರಿ ಪದವಿ ಕಾಲೇಜುಗಳ ವಿದ್ಯಾರ್ಥಿಗಳಿಗೆ ಹಂಚಿದವು ಮತ್ತೆ ಕೆಲವು. ಪಾಟಿ ಒಡೆದರೆ ಸಂತೆಯಿಂದ ಇನ್ನೊಂದನ್ನು ತರುತ್ತಿದ್ದೆವು. ಟ್ಯಾಬ್ಲೆಟ್ಟಿನ ಪರದೆ ಒಡೆದರೆ ಮನೆಯ ತಿಂಗಳ ಲೆಕ್ಕವೇ ಏರುಪೇರಾಗುತ್ತದೆ. ಆಗ ಅಂಗಡಿಯವರು ಕೇಳುವ ಮೊದಲ ಮಾತು, ‘ಒರಿಜಿನಲ್ ಹಾಕಬೇಕೋ, ಕಾಪಿ ಹಾಕಬೇಕೋ?’ ಎಂಬುದು. ಉತ್ತರ ಹೇಳುವ ಮುನ್ನ ಗೃಹಸ್ಥರು ತಿಳಿದಿರಬೇಕಾದ ಸಂಗತಿಗಳನ್ನು ಕುರಿತು ಈ ತಿಂಗಳು ಬರೆಯಬಯಸುತ್ತೇವೆ.

ಪರದೆ ಎಂದು ನಾವು ಕರೆಯುವುದು ಒಂದೇ ವಸ್ತುವಲ್ಲ. ಮೇಲಿನದು ಗಾಜು, ಅದರೊಡನೆ ಬೆರಳಿನ ಸ್ಪರ್ಶವನ್ನು ಅರಿಯುವ ಪದರವಿರುತ್ತದೆ. ಅಂಗಡಿಗಳಲ್ಲಿ ಇದಕ್ಕೆ ‘ಟಚ್’ ಎನ್ನುತ್ತಾರೆ. ಅದರ ಕೆಳಗೆ ಚಿತ್ರ ಮೂಡಿಸುವ ‘ಡಿಸ್‌ಪ್ಲೇ’. ಕೆಲವು ಮಾದರಿಗಳಲ್ಲಿ ಇವೆರಡೂ ಬೇರೆ ಬೇರೆಯಾಗಿರುತ್ತವೆ. 2017ರಿಂದ 2021ರವರೆಗೆ ಬಂದ ಸಾಧಾರಣ ಬೆಲೆಯ ಐಪ್ಯಾಡುಗಳು ಇದಕ್ಕೆ ನಿದರ್ಶನ. ಇಂತಹವುಗಳಲ್ಲಿ ಗಾಜು ಮಾತ್ರ ಬಿರುಕುಬಿಟ್ಟು ಚಿತ್ರ ಸ್ವಚ್ಛವಾಗಿ ಕಾಣುತ್ತಿದ್ದರೆ ಗಾಜನ್ನಷ್ಟೇ ಬದಲಿಸಿದರೆ ಸಾಕು. ಎರಡಕ್ಕೂ ಹಣ ಕೊಡಬೇಕಾದುದಿಲ್ಲ. ಐಪ್ಯಾಡ್ ಏರ್ 2ರಂತಹ ಮಾದರಿಗಳಲ್ಲಿಯಾದರೋ ಎರಡನ್ನೂ ಅಂಟಿಸಿ ಒಂದಾಗಿಸಿದ್ದಾರೆ. ಅಲ್ಲಿ ‘ಕಾಂಬೋ’ ಎಂಬ ಜೋಡಿಯನ್ನೇ ಹಾಕಿಸುವುದು ವಾಡಿಕೆ. ತಮ್ಮದು ಯಾವ ಬಗೆಯದೆಂದು ಮಾದರಿಯ ಸಂಖ್ಯೆಯಿಂದ ಮೊದಲೇ ತಿಳಿದುಕೊಂಡು ಹೋಗುವುದು ಲೇಸು.

‘ಅಸಲಿ’, ‘ನಕಲಿ’ ಎರಡೂ ಅರಬ್ಬಿ ಮೂಲದಿಂದ ಬಂದು ನಮ್ಮ ಪೇಟೆಯಲ್ಲಿ ನೆಲೆಸಿದ ಶಬ್ದಗಳು. ಓಲೆಗರಿಗಳೊಡನೆ ಬಾಳಿದ ನಮಗೆ ‘ಪ್ರತಿ’ ಎಂಬುದು ನಿಂದೆಯ ಮಾತಲ್ಲ. ಲಿಪಿಕಾರನು ತಾನು ಯಾವ ಮೂಲದಿಂದ ಬರೆದುಕೊಂಡೆನೆಂದು ಹೇಳಿದರೆ ಆ ಪ್ರತಿಗೂ ಗೌರವವುಂಟು. ಬಿಡಿಭಾಗಗಳ ವಿಷಯದಲ್ಲಿಯೂ ನಮ್ಮ ಅಭಿಪ್ರಾಯ ಇದೇ. ಕಾಪಿಯನ್ನು ಕಾಪಿಯೆಂದು ಹೇಳಿ ಕಡಿಮೆ ಬೆಲೆಗೆ ಮಾರುವವನು ತಪ್ಪು ಮಾಡುತ್ತಿಲ್ಲ. ಕಾಪಿಗೆ ಒರಿಜಿನಲ್ ಬೆಲೆ ತೆಗೆದುಕೊಳ್ಳುವುದು ವಂಚನೆ. ಇವೆರಡರ ನಡುವೆ ಮೂರನೆಯದೂ ಒಂದಿದೆ: ಕೆಟ್ಟ ಹಳೆಯ ಟ್ಯಾಬ್ಲೆಟ್ಟಿನಿಂದ ಬಿಚ್ಚಿದ ಅಸಲಿ ಪರದೆ. ಹೊಸ ಕಾಪಿಗಿಂತ ಇದು ಎಷ್ಟೋ ಸಲ ಮೇಲು. ಆದರೆ ಅದು ಬಳಸಿದ್ದೆಂಬುದನ್ನು ಹೇಳಿಯೇ ಕೊಡಬೇಕು.

ನಮಗೆ ಪರಿಚಿತವಾದ ಮನೆಯೊಂದರಲ್ಲಿ ಹೀಗಾಯಿತು. ಮಗಳ ಓದಿನ ಟ್ಯಾಬ್ಲೆಟ್ಟಿಗೆ ತಂದೆಯವರು ‘ಒರಿಜಿನಲ್’ ಎಂಬ ಬಾಯಿಮಾತನ್ನು ನಂಬಿ ಪರದೆ ಹಾಕಿಸಿದರು. ಕೆಲವೇ ವಾರಗಳಲ್ಲಿ ಯಾರೂ ಮುಟ್ಟದಿದ್ದರೂ ಅದು ತಾನಾಗಿಯೇ ಅಕ್ಷರಗಳನ್ನು ಒತ್ತತೊಡಗಿತು. ಅಭ್ಯಾಸ ಪರೀಕ್ಷೆಯ ನಡುವೆ ಹುಡುಗಿ ಒತ್ತಿದ ಉತ್ತರ ಒಂದು, ಗುರುತಾದುದು ಇನ್ನೊಂದು. ಅಂಗಡಿಗೆ ಹೋಗಿ ಕೇಳಿದರೆ, ರಸೀದಿಯಲ್ಲಿ ‘ರಿಪೇರಿ’ ಎಂದು ಒಂದೇ ಶಬ್ದ! ಯಾವ ಭಾಗ, ಯಾವ ದರ್ಜೆ, ಎಷ್ಟು ತಿಂಗಳ ಗ್ಯಾರಂಟಿ ಎಂಬುದಾವುದೂ ಇಲ್ಲ. ಆ ಹಣ ಮರಳಲಿಲ್ಲ.

ಆದುದರಿಂದ ಹಣ ಕೊಡುವ ಮುನ್ನ ಅಂಗಡಿಯಲ್ಲಿಯೇ ನಿಂತು ಪರೀಕ್ಷಿಸಬೇಕು. ಇದರಲ್ಲಿ ಸಂಕೋಚ ಬೇಡ. ಒಂದು ಚಿಹ್ನೆಯನ್ನು ಬೆರಳಿನಿಂದ ಹಿಡಿದು ಪರದೆಯ ಮೂಲೆಮೂಲೆಗೂ ನಿಧಾನವಾಗಿ ಎಳೆಯಿರಿ; ನಡುವೆ ಎಲ್ಲಿಯಾದರೂ ಕೈತಪ್ಪಿದರೆ ಅಲ್ಲಿ ಸ್ಪರ್ಶ ಸತ್ತಿದೆ. ಬಿಳಿಯ ಪುಟವನ್ನು ತೆರೆದು ಬೆಳಕನ್ನು ಪೂರ್ತಿ ಏರಿಸಿ, ಓರೆಯಾಗಿಯೂ ನೋಡಿ. ಅಂಚಿನಲ್ಲಿ ಮಬ್ಬು ಕಲೆಗಳು, ನೀಲಿ ಅಥವಾ ಹಳದಿ ಛಾಯೆ ಇರಬಾರದು. ಚಾರ್ಜರ್ ಚುಚ್ಚಿ ಮತ್ತೊಮ್ಮೆ ಬರೆಯಿರಿ. ಕೀಳು ದರ್ಜೆಯ ಟಚ್ ಎಷ್ಟೋ ಸಲ ಆಗಲೇ ತಡವರಿಸುತ್ತದೆ. ಲೇಖನಿಯಿಂದ ಬರೆಯುವ ಮಾದರಿಯಾದರೆ ಓರೆಗೆರೆಗಳನ್ನು ಎಳೆದು ಅವು ಅಂಕುಡೊಂಕಾಗುತ್ತವೆಯೋ ಎಂದು ನೋಡಬೇಕು.

ಐಪ್ಯಾಡ್ ಇರುವವರಿಗೆ ಇನ್ನೊಂದು ಎಚ್ಚರಿಕೆ. ಮೇಲೆ ಹೇಳಿದ ಮಾದರಿಗಳಲ್ಲಿ ಬೆರಳಚ್ಚು ಓದುವ ಗುಂಡಿಯು ಒಳಗಿನ ಮುಖ್ಯ ಫಲಕಕ್ಕೆ ಜೋಡಿಯಾಗಿರುತ್ತದೆ. ಹಳೆಯ ಗಾಜಿನಿಂದ ಅದನ್ನು ಹರಿಯದಂತೆ ಬಿಡಿಸಿ ಹೊಸ ಗಾಜಿಗೆ ಕೂಡಿಸಬೇಕು. ಹರಿದರೆ, ಪೇಟೆಯ ಬೇರೆ ಗುಂಡಿಯಿಂದ ಬೆರಳಚ್ಚು ಕೆಲಸ ಮಾಡದು. ‘ಗುಂಡಿ ಹಾಳಾದರೆ ಹೊಣೆ ಯಾರದು?’ ಎಂದು ಕೆಲಸಕ್ಕೆ ಮೊದಲೇ ಕೇಳಬೇಕು.

ಕಂಪನಿಯ ಅಧಿಕೃತ ಸೇವಾ ಕೇಂದ್ರದಲ್ಲಿ ಬೆಲೆ ಹೆಚ್ಚು, ನಿಜ. ಆದರೆ ಅಸಲಿ ಭಾಗದ ಭರವಸೆ ಅಲ್ಲಿಯೇ ಹೆಚ್ಚು. ಮೊದಲು ಅಲ್ಲಿ ದರ ವಿಚಾರಿಸಿ, ಬಳಿಕ ಹೊರಗೆ ಕೇಳಬೇಕು. ಅಸಲಿಯೆಂದು ಹೇಳುವ ವಸ್ತು ಅದರ ಕಾಲು ಬೆಲೆಗೆ ದೊರೆತರೆ ಸಂಶಯಪಡುವುದೇ ಸರಿ. ಕೇಂದ್ರ ಸರ್ಕಾರದ ಗ್ರಾಹಕ ವ್ಯವಹಾರಗಳ ಇಲಾಖೆಯು ದುರಸ್ತಿಯ ಹಕ್ಕಿನ ಸಲುವಾಗಿ 2022ರ ಜುಲೈಯಲ್ಲಿ ಸಮಿತಿಯನ್ನು ರಚಿಸಿ, ಅದೇ ವರ್ಷದ ಡಿಸೆಂಬರ್ 24ರಂದು ಜಾಲತಾಣವನ್ನು ತೆರೆಯಿತು. ಯುರೋಪಿನ ಒಕ್ಕೂಟವು ಇನ್ನೂ ಮುಂದೆ ಹೋಗಿದೆ: 2025ರ ಜೂನ್ 20ರಿಂದ ಅಲ್ಲಿಯ ಮಾರುಕಟ್ಟೆಗೆ ಬರುವ ಟ್ಯಾಬ್ಲೆಟ್ಟುಗಳಿಗೆ, ಆ ಮಾದರಿಯ ಮಾರಾಟ ನಿಂತ ಮೇಲೂ 7 ವರ್ಷ ಪರದೆಯಂತಹ ಭಾಗಗಳನ್ನು ಒದಗಿಸಬೇಕು. ವಂಚನೆಗೆ ಒಳಗಾದವರು 1915 ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ದೂರು ಕೊಡಬಹುದು. ಆಗ ಕೈಯಲ್ಲಿ ಇರಬೇಕಾದುದು ಭಾಗದ ಹೆಸರು, ದರ್ಜೆ, ಗ್ಯಾರಂಟಿಯ ಅವಧಿ ಬರೆದ ರಸೀದಿ.

ಬೀಳದೆಯೇ ಪರದೆ ತಾನಾಗಿ ಅಂಚಿನಿಂದ ಮೇಲೆದ್ದಿದ್ದರೆ ಅದು ಗಾಜಿನ ದೋಷವಾಗಿರದೆ ಒಳಗಿನ ಬ್ಯಾಟರಿ ಉಬ್ಬಿರುವ ಸೂಚನೆಯಾಗಿರಬಹುದು. ಅಂತಹ ಟ್ಯಾಬ್ಲೆಟ್ಟನ್ನು ಒತ್ತಿ ಕೂರಿಸುವುದಾಗಲಿ ಚಾರ್ಜಿಗೆ ಹಾಕುವುದಾಗಲಿ ಅಪಾಯಕರ. ಮಕ್ಕಳ ಕೈಯಿಂದ ಆ ಕೂಡಲೇ ತೆಗೆದಿಟ್ಟು, ಮೊದಲು ಬ್ಯಾಟರಿಯನ್ನು ತೋರಿಸತಕ್ಕದ್ದು.