ಜವಳಿ ಜೊತೆ ಒಂದು ಮಾತ್ರೆ

ಚಿಕ್ಕಪ್ಪನ ಮಗಳ ಮದುವೆಗೆ ಜವಳಿ ತೆಗೆಯೋಕೆ ಊರಿಂದ ಹನ್ನೊಂದು ಜನ ಬಂದಿದ್ರು. ಕಮರ್ಷಿಯಲ್ ಸ್ಟ್ರೀಟಿನಲ್ಲಿ ಬೆಳಿಗ್ಗೆಯಿಂದ ಸಂಜೆವರೆಗೂ ಸೀರೆ, ಮ್ಯಾಚಿಂಗ್ ಬ್ಲೌಸು, ಬಳೆ, ಚಪ್ಪಲಿ. ಬಿಇ ಓದಿದ ನನಗೆ ಕವರ್ ಹಿಡಿಯೋ ಕೆಲಸ. ಬೌರಿಂಗ್ ಆಸ್ಪತ್ರೆ ಕಡೆ ತಿರುಗಿದಾಗ ಮೆಡಿಕಲ್ ಶಾಪಲ್ಲಿ ಒಂದು ಪಟ್ಟಿ ಫೋಲಿಕ್ ಆಸಿಡ್ ಮಾತ್ರೆ ತಗೊಂಡು ಹುಡುಗಿ ಕೈಗಿಟ್ಟೆ. ಚಿಕ್ಕಮ್ಮ ಸಿಡಿದೇಬಿಟ್ರು: "ಮದುವೆಗೆ ಮುಂಚೇನೇ ಬಸುರಿ ಮಾತ್ರೆ ಕೊಡ್ತೀಯೇನೋ? ಜನ ನೋಡಿದ್ರೆ ಏನಂದ್ಕೋತಾರೆ!"

ನನ್ನ ಜಗಳ ಈ ಮಾತಿನ ಜೊತೆಗೇ.

ದೊಡ್ಡಮ್ಮನ ಮಗಳಿಗೆ ಹುಟ್ಟಿದ ಮಗುವಿನ ಬೆನ್ನುಮೂಳೆ ಸೊಂಟದ ಹತ್ರ ಮುಚ್ಚಿಕೊಂಡಿರಲಿಲ್ಲ. ಬೆನ್ನಿಗೆ ಆಪರೇಷನ್ ಆಯ್ತು. ಆಮೇಲೆ ತಲೆ ದೊಡ್ಡದಾಗ್ತಾ ಬಂತು, ಹಾಲು ಕುಡಿಯುವಾಗ ನೆತ್ತಿಗೇರೋದು, ಉಸಿರಲ್ಲಿ ಗೊರಗೊರ ಸದ್ದು. ಎಂಆರ್‌ಐ ಮಾಡಿಸಿದಾಗ ಹಿಮ್ಮೆದುಳು ಕತ್ತಿನ ಕೊಳವೆಗೆ ಜಾರಿತ್ತು. 1891ರಲ್ಲಿ ಹಾನ್ಸ್ ಕಿಯಾರಿ ಎಂಬ ರೋಗಶಾಸ್ತ್ರಜ್ಞ ವಿವರಿಸಿದ ತೊಂದರೆ, ಅದರಲ್ಲಿ ಎರಡನೇ ಬಗೆ. ಊರಲ್ಲಿ ಮಾತ್ರ ಡಯಾಗ್ನೋಸಿಸ್ ಬೇರೆ: "ಗ್ರಹಣದ ದಿನ ಈಳಿಗೆಮಣೆ ಮುಟ್ಟಿದ್ಲು." ಪಾಪ, ಆ ಅಕ್ಕ ಅದನ್ನ ಈಗಲೂ ಅರ್ಧ ನಂಬ್ತಾಳೆ.

ನಡೆಯೋದು ಇಷ್ಟು. ಗರ್ಭದಲ್ಲಿ ಬೆನ್ನು ತೆರೆದೇ ಇದ್ದರೆ ಮಿದುಳಿನ ನೀರು ಅಲ್ಲಿಂದ ಸೋರುತ್ತೆ, ತಲೆಬುರುಡೆಯ ಹಿಂಭಾಗ ಸಾಕಷ್ಟು ಬೆಳೆಯಲ್ಲ, ಜಾಗ ಸಾಲದೆ ಹಿಮ್ಮೆದುಳು ಕೆಳಗಿಳಿಯುತ್ತೆ ಅಂತ ವೈದ್ಯರು ವಿವರಿಸ್ತಾರೆ. ತಲೆಯಿಂದ ಹೊಟ್ಟೆಗೆ ನೀರು ಹರಿಸೋ ಶಂಟ್ ಎಂಬ ನಳಿಗೆ ಹಾಕ್ತಾರೆ. ಉಸಿರಿನ ತೊಂದರೆ ಬಂದರೆ ಮೊದಲು ನೋಡೋದು ಆ ಶಂಟ್ ಕಟ್ಟಿಕೊಂಡಿದೆಯಾ ಅಂತ. ಅದು ಸರಿಯಿದ್ದೂ ತೊಂದರೆ ನಿಲ್ಲದಿದ್ದರೆ ಕತ್ತಿನ ಹಿಂದಿನ ಮೂಳೆ ತೆಗೆದು ಜಾಗ ಮಾಡಿಕೊಡ್ತಾರೆ. ಸರ್ಜನ್ನುಗಳ ಮೇಲೆ ನನಗೆ ದೂರಿಲ್ಲ. ಆದರೆ ಇದೆಲ್ಲ ಪ್ರೊಡಕ್ಷನ್ನಿಗೆ ಹೋದಮೇಲೆ ಹಚ್ಚೋ ಪ್ಯಾಚು, ಸ್ವಾಮಿ.

ಬೆನ್ನಹುರಿಯಾಗೋ ನರಕೊಳವೆ ಗರ್ಭ ನಿಂತ 28 ದಿನದೊಳಗೆ ಮುಚ್ಚಿಕೊಳ್ಳಬೇಕು. ಮುಟ್ಟು ತಪ್ಪಿ, ಅನುಮಾನ ಬಂದು, ಅತ್ತೆಗೆ ಹೇಳಿ, ತಾಯಿ ಕಾರ್ಡ್ ಮಾಡಿಸೋ ಹೊತ್ತಿಗೆ ಆ ಗಡುವು ಮುಗಿದಿರುತ್ತೆ. ಇಂಥ ಮಗು ಹೆತ್ತ ತಾಯಂದಿರಿಗೆ ಮುಂದಿನ ಗರ್ಭಕ್ಕೆ ಮೊದಲೇ ದಿನಕ್ಕೆ 4 ಮಿ.ಗ್ರಾಂ. ಫೋಲಿಕ್ ಆಸಿಡ್ ಕೊಟ್ಟರೆ ಮತ್ತೆ ಹಾಗಾಗೋ ಅಪಾಯ 72% ಇಳಿಯುತ್ತೆ ಅಂತ ಬ್ರಿಟನ್ನಿನ ಮೆಡಿಕಲ್ ರಿಸರ್ಚ್ ಕೌನ್ಸಿಲ್ 1991ರಲ್ಲೇ ತೋರಿಸಿತು. ಉಳಿದ ಹೆಂಗಸರಿಗೆ ದಿನಕ್ಕೆ 400 ಮೈಕ್ರೋಗ್ರಾಂ ಸಾಕು. ಎಲ್ಲಾ ಕೇಸೂ ತಪ್ಪಲ್ಲ, ನಿಜ. ಕಿಯಾರಿಯ ಮೊದಲನೇ ಬಗೆಗೂ ಈ ಮಾತ್ರೆಗೂ ಸಂಬಂಧವಿಲ್ಲ. ಅಮೆರಿಕ 1998ರಿಂದ ಹಿಟ್ಟಿಗೇ ಬೆರೆಸಿಬಿಟ್ಟಿದೆ. ನಮ್ಮಲ್ಲಿ ಸಾರವರ್ಧಿತ ಅಕ್ಕಿ ಇದೆಯಲ್ಲ ಅಂತೀರಾ? ಅದರಲ್ಲಿ ಕಿಲೋಗೆ ಇರಬೇಕಾದ್ದು 75ರಿಂದ 125 ಮೈಕ್ರೋಗ್ರಾಂ. ಕಾಲು ಕಿಲೋ ಅಕ್ಕಿ ಅನ್ನ ಉಂಡರೆ ಎಷ್ಟಾಯ್ತು, ನೀವೇ ಲೆಕ್ಕ ಹಾಕಿ.

ತಮಾಷೆ ನೋಡಿ, ಗರ್ಭಕ್ಕೆ ಮೊದಲೇ 400 ಮೈಕ್ರೋಗ್ರಾಂ ತಗೋಬೇಕು ಅಂತ ಅನೀಮಿಯಾ ಮುಕ್ತ ಭಾರತದ ಮಾರ್ಗಸೂಚಿಯಲ್ಲೇ ಇದೆ. ಕಾಗದದಲ್ಲಿ. ಹೊಸ ಸೊಸೆಗೆ ಅದನ್ನ ತಲುಪಿಸೋರು ಯಾರು? ವಿವಾಹ ನೋಂದಣಿ ಕೌಂಟರಲ್ಲಿ ಕೊಡಿ, ರೇಷನ್ ಕಾರ್ಡಿಗೆ ಹೆಸರು ಸೇರಿಸುವಾಗ ಕೊಡಿ, ಆಶಾ ಅಕ್ಕನ ಕೈಲಿ ಮದುವೆಯಾದ ವಾರವೇ ಕಳಿಸಿ. ಅವಳು ಬಸುರಿ ಅಂತ ಊರಿಗೆ ಗೊತ್ತಾಗೋವರೆಗೆ ಕಾಯಬೇಡಿ.

ಮಾತ್ರೆ ಪಟ್ಟಿ ಸದ್ಯ ಹುಡುಗಿಯ ವ್ಯಾನಿಟಿ ಬ್ಯಾಗಲ್ಲಿದೆ. ಚಿಕ್ಕಮ್ಮ ಇನ್ನೂ ನನ್ನ ಫೋನ್ ಎತ್ತುತ್ತಿಲ್ಲ.